ಬಂಡೆಯ ಬಿರುಕಿನಲ್ಲಿ ನೀರು

ಹೊಳೆಆಲೂರಿನ ಹೆಸರಿನಲ್ಲಿಯೇ ಹೊಳೆಯಿದೆ. ಮಲಪ್ರಭೆಯ ದಡದ ಊರಿನಲ್ಲಿ ನೆಲದಡಿಯ ನೀರಿನ ಮಾತೇಕೆಂದು ಶ್ರೋತೃಗಳು ಕೇಳಬಹುದು. 2019ರಲ್ಲಿ ಈ ಹೊಳೆಯು ದಡದ ಹಳ್ಳಿಗಳನ್ನು ಮುಳುಗಿಸಿದ್ದು ನಿಜ. ಆದರೆ ದಡದಿಂದ ದೂರದ ಎರೆಹೊಲಗಳಲ್ಲಿ ಮಳೆ ತಪ್ಪಿದ ವರುಷ ಬಾವಿಯೇ ಗತಿ.

ಈ ಸೀಮೆಯ ಶಿಲೆಗಳನ್ನು ಮೊದಲು ಕ್ರಮವಾಗಿ ವರ್ಣಿಸಿದವರು ರಾಬರ್ಟ್ ಬ್ರೂಸ್ ಫೂಟ್. ಇವರೇ ಮುಂದೆ 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥರಾದರು. ದಕ್ಷಿಣ ಮರಾಠಾ ಪ್ರಾಂತವನ್ನು ಕುರಿತ ಅವರ ಗ್ರಂಥವು ಹೊರಬಂದದ್ದು 1876ರಲ್ಲಿ. ಮಹಾಕ್ಷಾಮವು ತಲೆದೋರಿದ್ದೂ ಅದೇ ವರುಷ. ಕ್ಷಾಮದ ತರುವಾಯ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. ಗದಗ–ಹೊಟಗಿ ಮಾರ್ಗವು ಹೊಳೆಆಲೂರಿನ ಮೇಲೆಯೇ ಹಾದುಹೋಯಿತು. ರೈಲು ಧಾನ್ಯವನ್ನು ತರಬಲ್ಲುದು, ಬಾವಿಗೆ ನೀರನ್ನು ತರಲಾರದು. ಅದಕ್ಕೆ ಬೇಕಾದ ಶಿಲಾಜ್ಞಾನವು ಗ್ರಂಥದಲ್ಲಿಯೇ ಉಳಿಯಿತು.

ಆ ಜ್ಞಾನದ ಉಪಯೋಗವನ್ನು ನಾವೀಗ ವಿಚಾರಿಸೋಣ. ಇಲ್ಲಿ ಎರೆಮಣ್ಣಿನ ಕೆಳಗಿರುವುದು ನೀಸ್, ಗ್ರಾನೈಟುಗಳಂಥ ಪುರಾತನ ಕಲ್ಲು. ಬಾದಾಮಿ, ಗಜೇಂದ್ರಗಡಗಳ ಕಡೆಗೆ ಅದರ ಮೇಲೆ ಮರಳುಗಲ್ಲು ಹಾಸಿದೆ. ಗಟ್ಟಿಯಾದ ಕಲ್ಲು ಸ್ಪಂಜಿನಂತೆ ನೀರನ್ನು ಹೀರದು. ಶಿಥಿಲವಾದ ಮೇಲ್ಪದರದಲ್ಲಿ ನೀರು ನಿಲ್ಲುವುದು. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ಹರಿಯುವುದು. ಆದುದರಿಂದಲೇ ಒಂದು ಬಾವಿ ತುಂಬಿದ್ದರೆ ಹತ್ತು ಮಾರು ದೂರದ ಇನ್ನೊಂದು ಒಣಗಿರುವುದುಂಟು.

ಬಿರುಕುಗಳಿಗೂ ಒಂದು ಕ್ರಮವಿದೆ. ಹೊಳೆಯ ಪಾತ್ರದಲ್ಲಿ, ಕಲ್ಲಿನ ಗಣಿಯಲ್ಲಿ, ಹಳೆಯ ಬಾವಿಯ ಗೋಡೆಯಲ್ಲಿ ಅವುಗಳ ದಿಕ್ಕು, ಓರೆ, ಅಗಲ, ಅಂತರಗಳನ್ನು ಅಳೆಯಬೇಕು. ಎರಡು ಬಿರುಕುಸಾಲುಗಳು ಕೂಡುವೆಡೆಯಲ್ಲಿ ನೀರಿನ ಸಂಭವ ಹೆಚ್ಚು. ಅಡ್ಡಲಾಗಿ ನುಗ್ಗಿ ಗಟ್ಟಿಯಾದ ಕಪ್ಪುಶಿಲೆಯ ಗೋಡೆಯು ಕೆಲವೆಡೆ ಭೂಗರ್ಭದ ಒಡ್ಡಿನಂತೆ ನೀರನ್ನು ತಡೆಯುವುದು. ನೆಟ್ಟನೆ ಇಳಿಯುವ ಕೊಳವೆಯು ನೆಟ್ಟನೆಯ ಬಿರುಕನ್ನು ಮುಟ್ಟದೆಯೇ ಹೋಗಬಹುದು. ಆಳವು ಹೆಚ್ಚಿದಂತೆ ಮೇಲಿನ ಶಿಲೆಯ ಭಾರದಿಂದ ಬಿರುಕುಗಳು ಸಾಮಾನ್ಯವಾಗಿ ಬಿಗಿಯುವುವು. ಇನ್ನೂ ಆಳಕ್ಕೆ ಕೊರೆದ ಮಾತ್ರಕ್ಕೆ ಇನ್ನೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಈ ವಿಷಯವನ್ನರಿಯದೆ ಸಾಲ ಮಾಡಿ ಕೊರೆಯಿಸಿದ ರೈತನ ಹಣವು ಕಲ್ಲುಪುಡಿಯಾಗಿ ಮೇಲೆ ಬರುವುದು.

ಬಿರುಕನ್ನು ಕಂಡುಹಿಡಿದರೂ ಕೆಲಸ ಮುಗಿಯದು. ಅದರಲ್ಲಿ ಹಿಡಿಯುವ ನೀರು ಅಲ್ಪ. ಅದನ್ನು ತುಂಬುವುದು ಮುಖ್ಯವಾಗಿ ಮಳೆ. ಸೂಡಿಯಲ್ಲಿ ಚಾಲುಕ್ಯರ ಕಾಲದ ನಾಗಕುಂಡವನ್ನು ನೋಡಿದವರು ಅದರ ಮೆಟ್ಟಿಲುಗಳನ್ನು ಬಲ್ಲರು. ಮೆಟ್ಟಿಲಿಳಿದು ನೀರು ತರುವವರಿಗೆ, ಪ್ರತಿದಿನವೂ ನೀರು ಎಷ್ಟು ಇಳಿಯಿತೆಂಬುದು ಕಣ್ಣಿಗೆ ಕಾಣುತ್ತಿತ್ತು. ಕೊಳವೆಯಲ್ಲಿ ಅದು ಕಾಣದು. ಆದುದರಿಂದ ಕೊರೆಯುವ ಮೊದಲು ಶಿಲೆಯನ್ನು ಓದತಕ್ಕದ್ದು. ಕೊರೆದ ಬಳಿಕ ನೀರಿನ ಮಟ್ಟವನ್ನು ಅಳೆದು ಬರೆದಿಡತಕ್ಕದ್ದು. ಇವೆರಡನ್ನೂ ಊರವರು ಕೂಡಿ ಮಾಡಿದರೆ, ಗ್ರಂಥದಲ್ಲಿ ಉಳಿದ ವಿದ್ಯೆಯು ಬಾವಿಕಟ್ಟೆಯನ್ನು ತಲುಪಿತೆಂದು ನಾವು ಹೇಳಬಹುದು.