ಬೆಡಗಿನ ಲೆಕ್ಕ, ರಕ್ತದ ಲೆಕ್ಕ: ಬಾಂಬೆ ರಕ್ತಗುಂಪು ಮತ್ತು ವಿಜಯಪುರ ಸೀಮೆಯ ಸೋದರಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಅನೇಕ ಸಮುದಾಯಗಳಲ್ಲಿ ಸಂಬಂಧ ಬೆಳೆಸುವ ಮುನ್ನ ಹಿರಿಯರು ಬೆಡಗು, ಅಂದರೆ ವಂಶದ ಕವಲು, ಕೇಳುತ್ತಾರೆ. ಬೆಡಗು ಒಂದೇ ಆದರೆ ಹುಡುಗ ಹುಡುಗಿ ಅಣ್ಣ ತಂಗಿಯಾದರು. ಮಾತುಕತೆ ಅಲ್ಲಿಗೇ ಮುಗಿಯಿತು. ಅದೇ ಮನೆಗಳಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಸೋದರಿಕೆ ಎಂಬ ದಕ್ಷಿಣದ ಈ ಪದ್ಧತಿಯನ್ನು ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುವ್ಯವಸ್ಥೆಯ ಅಧ್ಯಯನದಲ್ಲಿ ವಿವರಿಸಿದ್ದಾರೆ. ಬೆಡಗು ತಂದೆಯ ಕಡೆಯಿಂದ ಮಾತ್ರ ಇಳಿಯುತ್ತದೆ. ರಕ್ತದ ಗುಂಪು ಹಾಗಲ್ಲ. ಅದರಲ್ಲಿ ತಾಯಿಯ ಪಾಲೂ ತಂದೆಯ ಪಾಲೂ ಸರಿಸಮ. ಈ ಎರಡು ಲೆಕ್ಕಗಳು ಎಲ್ಲಿ ಬೇರೆಯಾಗುತ್ತವೆ ಎಂಬುದೇ ಈ ಲೇಖನದ ವಿಚಾರ.

ನಿಯಮ ರೂಪುಗೊಂಡ ಬಗೆ

ರಕ್ತದಲ್ಲಿ ಗುಂಪುಗಳಿವೆ ಎಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿದರು. ಅವು ವಂಶದಲ್ಲಿ ಇಳಿಯುತ್ತವೆ ಎಂದು ಫಾನ್ ಡುಂಗೆರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ 1910ರಲ್ಲಿ ಹೈಡಲ್‌ಬರ್ಗ್‌ನ ಕುಟುಂಬಗಳನ್ನು ಪರೀಕ್ಷಿಸಿ ಹೇಳಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಹಿರ್ಷ್‌ಫೆಲ್ಡ್ ದಂಪತಿ ಸಲೋನಿಕಾದಲ್ಲಿ ನಾನಾ ದೇಶಗಳ ಸೈನಿಕರ ರಕ್ತ ಪರೀಕ್ಷಿಸಿದಾಗ, ಭಾರತೀಯರಲ್ಲಿ ಬಿ ಗುಂಪು ಯುರೋಪಿನವರಿಗಿಂತ ಬಹಳ ಹೆಚ್ಚೆಂದು ಕಂಡಿತು. ಇಂಥ ಅಂಕಿಗಳನ್ನು ತೂಗಿ ನೋಡಿದ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ 1924ರಲ್ಲಿ ನಿಯಮವನ್ನು ಖಚಿತಗೊಳಿಸಿದರು: ಒಂದೇ ಜೀನಿಗೆ ಎ, ಬಿ, ಓ ಎಂಬ ಮೂರು ರೂಪ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎ ಮತ್ತು ಬಿ ಎರಡೂ ಬಂದರೆ ಎರಡೂ ಕಾಣುತ್ತವೆ. ಓ ಜೋಡಿಯಾಗಿ ಬಂದರಷ್ಟೇ ಗುಂಪು ಓ. ಆದ್ದರಿಂದ ಓ ದಂಪತಿಗೆ ಓ ಮಕ್ಕಳೇ.

ಮುಂಬಯಿಯ ತೊಡಕು

1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡ ವಿಚಿತ್ರ ರಕ್ತವೊಂದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆಗ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯೂ ಮುಂಬಯಿ ರಾಜ್ಯದ ಭಾಗವೇ. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಆ ರಕ್ತ ಓ ಗುಂಪಿನಂತೆಯೇ ಕಾಣುತ್ತಿತ್ತು, ಆದರೆ ಓ ರಕ್ತವನ್ನೂ ಒಪ್ಪುತ್ತಿರಲಿಲ್ಲ. ಎ, ಬಿ ಗುರುತುಗಳು ಕೂರಲು ಎಚ್ ಎಂಬ ಅಡಿಪಾಯ ಬೇಕು. ಈ ರಕ್ತದಲ್ಲಿ ಅದೇ ಇರಲಿಲ್ಲ. ಇದಕ್ಕೇ ಬಾಂಬೆ ಗುಂಪು ಎಂಬ ಹೆಸರು. ಎಚ್ ಕಟ್ಟುವ ಜೀನ್ 19ನೆಯ ಕ್ರೋಮೋಸೋಮಿನಲ್ಲಿದೆ, ಎಬಿಓ ಜೀನ್ 9ನೆಯದರಲ್ಲಿ. ಹೀಗಾಗಿ ಒಬ್ಬರಲ್ಲಿ ಬಿ ಜೀನ್ ಇದ್ದೂ ಅದು ಹೊರಗೆ ಕಾಣದೆ ಹೋಗಬಹುದು. ಅಡಗಿದ ಬಿ ಹೀಗೆ ತಲೆಮಾರು ದಾಟಬಲ್ಲದೆಂದು 1955ರಲ್ಲಿ ಫಿಲಿಪ್ ಲೆವಿನ್ ತಂಡ ಕುಟುಂಬವೊಂದರ ಅಧ್ಯಯನದಿಂದ ತೋರಿಸಿತು.

ಸೋದರಿಕೆಯ ಗಣಿತ

ಬಾಂಬೆ ಗುಂಪಿನ ಮಗು ಹುಟ್ಟಬೇಕಾದರೆ ಎಚ್ ಜೀನಿನ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರಬೇಕು. ನೂರು ಪ್ರತಿಗಳಲ್ಲಿ ಒಂದು ಕೆಟ್ಟದ್ದೆಂದು ಉದಾಹರಣೆಗೆ ಹಿಡಿಯೋಣ. ಹೊರ ಸಂಬಂಧದಲ್ಲಿ 10,000 ಮಕ್ಕಳಿಗೆ ಒಂದು ಹೀಗಾದೀತು. ಸೋದರಮಾವನ ಮಗಳನ್ನು ತಂದರೆ ಆ ಲೆಕ್ಕ ಸುಮಾರು 7ಕ್ಕೆ, ಅಕ್ಕನ ಮಗಳನ್ನು ತಂದರೆ ಸುಮಾರು 13ಕ್ಕೆ ಏರುತ್ತದೆ. ಕಾರಣವಿಷ್ಟೆ: ಮಗುವಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನ ಒಂದೇ ಪ್ರತಿಯಿಂದ ಬಂದಿರುವ ಸಂಭವ ಮೊದಲನೆಯದರಲ್ಲಿ ಹದಿನಾರಕ್ಕೆ ಒಂದು, ಎರಡನೆಯದರಲ್ಲಿ ಎಂಟಕ್ಕೆ ಒಂದು. ಈ ಎರಡು ಸಂಬಂಧಗಳಲ್ಲೂ ಗಂಡು ಹೆಣ್ಣಿನ ಬೆಡಗು ಬೇರೆಯೇ. ತಾಯಿಯ ತವರಿನಿಂದ ಬಂದ ಪಾಲು ಬೆಡಗಿನ ಎಣಿಕೆಗೆ ಸಿಗುವುದಿಲ್ಲ.

ಉಪಸಂಹಾರ

ಬಾಂಬೆ ಗುಂಪಿನವರು ಆರೋಗ್ಯವಂತರೇ. ಅವರಿಗೆ ಅಪಾಯ ರಕ್ತ ಕೊಡಿಸುವಾಗ: ಹೊಂದುವುದು ಬಾಂಬೆ ಗುಂಪಿನ ರಕ್ತ ಮಾತ್ರ. ಸೀರಮ್ಮನ್ನು ಓ ಕಣಗಳೊಂದಿಗೆ ಬೆರೆಸಿ ನೋಡದಿದ್ದರೆ ಚೀಟಿಯಲ್ಲಿ ‘ಓ’ ಎಂದೇ ಬರುತ್ತದೆ. ಆ ಚೀಟಿಯಿಂದ ಇನ್ನೊಂದು ಕೇಡೂ ಇದೆ. ಗಂಡ ಓ, ಹೆಂಡತಿಯೂ ಓ, ಮಗು ಬಿ ಎಂದಾದರೆ ಮನೆಯವರ ಬೆರಳು ಹೆಂಡತಿಯ ಕಡೆಗೇ ತಿರುಗುತ್ತದೆ. ಆಕೆ ಬಾಂಬೆ ಗುಂಪಿನವಳಾಗಿದ್ದರೆ ಅಡಗಿದ ಬಿಯನ್ನು ಕೊಟ್ಟವಳು ಆಕೆ. ಅದನ್ನು ಕಾಣುವಂತೆ ಮಾಡಿದ ಎಚ್ ಗಂಡನದೇ. ಅನುಮಾನ ಹುಟ್ಟಿಸಿದ ಬಿ ಗುರುತೇ, ಎರಡೂ ಕಡೆಯ ಲೆಕ್ಕ ಹಿಡಿದು ನೋಡಿದರೆ, ಇಬ್ಬರೂ ಸೇರಿ ಕೊಟ್ಟದ್ದು.