ಇಂಗ್ಲಿಷ್ ಬೋಧನೆಯ ಆನ್‌ಲೈನ್ ಪ್ರಮಾಣಪತ್ರ ಕೋರ್ಸ್‌ಗಳ ಆಯ್ಕೆ: ಅಭ್ಯರ್ಥಿಗಳ ಗಮನಕ್ಕೆ

ಪೀಠಿಕೆ

ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಆ ಭಾಷೆಯನ್ನು ಕಲಿಸುವ ತರಬೇತಿಯನ್ನು ಅಂತರ್ಜಾಲದ ಮೂಲಕ ಪಡೆಯಬಯಸುವ ಪದವೀಧರರು, ಸೇವಾನಿರತ ಶಿಕ್ಷಕರು ಹಾಗೂ ವಿದೇಶದಲ್ಲಿ ಬೋಧಕ ಹುದ್ದೆಯನ್ನು ಅರಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇಂತಹ ಕೋರ್ಸ್‌ಗಳ ಶುಲ್ಕವು ಕೆಲವು ನೂರು ರೂಪಾಯಿಗಳಿಂದ ಆರಂಭವಾಗಿ ಒಂದು ಲಕ್ಷ ರೂಪಾಯಿಗಳನ್ನು ಮೀರುವುದೂ ಉಂಟು. ಎಲ್ಲ ಪ್ರಮಾಣಪತ್ರಗಳೂ ನೋಡಲು ಒಂದೇ ಬಗೆಯವಾಗಿ ಕಂಡರೂ ಉದ್ಯೋಗದಾತರ ಹಾಗೂ ವೀಸಾ ಅಧಿಕಾರಿಗಳ ಮುಂದೆ ಅವುಗಳ ಬೆಲೆ ಒಂದೇ ಅಲ್ಲ. ಸಾಲ ಮಾಡಿಯೋ ಒಡವೆ ಅಡವಿಟ್ಟೋ ಶುಲ್ಕ ಕಟ್ಟಿದ ನಂತರ ಈ ವ್ಯತ್ಯಾಸವನ್ನು ತಿಳಿದುಕೊಂಡರೆ ಪ್ರಯೋಜನವಾಗದು. ಆದುದರಿಂದ ಹಣ ಪಾವತಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಹೆಸರುಗಳ ಅರ್ಥ

ಇಂಗ್ಲಿಷನ್ನು ವಿದೇಶೀ ಭಾಷೆಯಾಗಿ ಕಲಿಸುವುದನ್ನು ಟೆಫಲ್ ಎಂದೂ, ದ್ವಿತೀಯ ಭಾಷೆಯಾಗಿ ಕಲಿಸುವುದನ್ನು ಟೆಸಲ್ ಎಂದೂ, ಇವೆರಡನ್ನೂ ಒಳಗೊಂಡ ಕ್ಷೇತ್ರವನ್ನು ಟೆಸಾಲ್ ಎಂದೂ ಕರೆಯುವುದು ರೂಢಿ. ಇವು ಬೋಧನಾ ಕ್ಷೇತ್ರದ ಹೆಸರುಗಳೇ ಹೊರತು ಯಾವುದೇ ಒಂದು ಸಂಸ್ಥೆಯ ಪದವಿಯ ಹೆಸರುಗಳಲ್ಲ. ಯಾವ ಸಂಸ್ಥೆಯಾದರೂ ಈ ಹೆಸರಿನಲ್ಲಿ ಪ್ರಮಾಣಪತ್ರ ನೀಡಬಹುದು. ಹೀಗಾಗಿ "ಟೆಫಲ್ ಪ್ರಮಾಣಪತ್ರ" ಎಂಬ ಶೀರ್ಷಿಕೆಯಿಂದ ಮಾತ್ರ ಅದರ ಗುಣಮಟ್ಟವನ್ನು ನಿರ್ಣಯಿಸಲಾಗದು. ಟೋಫೆಲ್ ಎಂಬುದು ಅಭ್ಯರ್ಥಿಯ ಇಂಗ್ಲಿಷ್ ಜ್ಞಾನವನ್ನು ಅಳೆಯುವ ಪರೀಕ್ಷೆ. ಅದು ಬೋಧನಾ ಅರ್ಹತೆಯಲ್ಲ.

2. ಮೊದಲು ಉದ್ದೇಶವನ್ನು ನಿರ್ಧರಿಸುವುದು

ಅ) ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಹುದ್ದೆ: ಯಾವುದೇ ಟೆಫಲ್ ಅಥವಾ ಟೆಸಾಲ್ ಪ್ರಮಾಣಪತ್ರವು ಡಿ.ಎಲ್.ಎಡ್. ಅಥವಾ ಬಿ.ಎಡ್. ಪದವಿಗೆ ಬದಲಿಯಾಗುವುದಿಲ್ಲ. 1ರಿಂದ 8ನೆಯ ತರಗತಿಯವರೆಗಿನ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ನಿಗದಿಪಡಿಸಿದ್ದು, ಅದರಂತೆ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಅಗತ್ಯ. ಈ ಉದ್ದೇಶವೊಂದೇ ಇರುವವರು ಆನ್‌ಲೈನ್ ಟೆಫಲ್ ಕೋರ್ಸ್‌ಗೆ ಹಣ ವ್ಯಯಿಸುವ ಅವಶ್ಯಕತೆ ಇರುವುದಿಲ್ಲ.

ಆ) ಸೇವಾನಿರತ ಶಿಕ್ಷಕರ ಬೋಧನಾ ಸಾಮರ್ಥ್ಯದ ವೃದ್ಧಿ: ಇದಕ್ಕೆ ಉಚಿತವಾದ ಅಥವಾ ಅಲ್ಪ ಶುಲ್ಕದ ಮಾರ್ಗಗಳೇ ಸಾಕಷ್ಟಿವೆ. ಅವುಗಳನ್ನು 4ನೆಯ ಕಂಡಿಕೆಯಲ್ಲಿ ವಿವರಿಸಲಾಗಿದೆ.

ಇ) ಖಾಸಗಿ ತರಬೇತಿ ಕೇಂದ್ರಗಳಲ್ಲಿ ಅಥವಾ ಅಂತರ್ಜಾಲದ ಮೂಲಕ ಬೋಧನೆ: ಇಲ್ಲಿ ಶಾಸನಬದ್ಧ ಅರ್ಹತೆಗಿಂತ ಉದ್ಯೋಗದಾತರ ನಿರೀಕ್ಷೆಯೇ ಮುಖ್ಯ. 120 ಗಂಟೆಗಳ ಪ್ರಮಾಣಪತ್ರವನ್ನು ಕನಿಷ್ಠ ಮಟ್ಟವೆಂದು ಪರಿಗಣಿಸುವುದು ಸಾಮಾನ್ಯ ರೂಢಿ.

ಈ) ವಿದೇಶದಲ್ಲಿ ಉದ್ಯೋಗ: ಆಯಾ ದೇಶದ ವೀಸಾ ನಿಯಮವೇ ಅಂತಿಮ. 6ನೆಯ ಕಂಡಿಕೆಯನ್ನು ನೋಡುವುದು.

3. ವಿದೇಶೀ ಸಂಸ್ಥೆಗಳ ಪ್ರಮುಖ ಅರ್ಹತೆಗಳು

ಕೇಂಬ್ರಿಡ್ಜ್ ಸಂಸ್ಥೆ ನೀಡುವ ಸೆಲ್ಟಾ ಹಾಗೂ ಲಂಡನ್ನಿನ ಟ್ರಿನಿಟಿ ಕಾಲೇಜು ನೀಡುವ ಸರ್ಟ್‌ಟೆಸಾಲ್ ಇವೆರಡೂ ಜಗತ್ತಿನಾದ್ಯಂತ ಉದ್ಯೋಗದಾತರಿಗೆ ಚಿರಪರಿಚಿತವಾದ ಆರಂಭಿಕ ಅರ್ಹತೆಗಳು. ಎರಡರಲ್ಲಿಯೂ ನಿಜವಾದ ವಿದ್ಯಾರ್ಥಿಗಳಿಗೆ ಕನಿಷ್ಠ 6 ಗಂಟೆಗಳ ಕಾಲ ಪಾಠ ಮಾಡಬೇಕಾಗಿದ್ದು, ತರಬೇತುದಾರರು ಆ ಪಾಠವನ್ನು ವೀಕ್ಷಿಸಿ ಮೌಲ್ಯಮಾಪನ ಮಾಡುತ್ತಾರೆ. ಸೆಲ್ಟಾದಲ್ಲಿ ಇದರ ಜೊತೆಗೆ 4 ಲಿಖಿತ ನಿಬಂಧಗಳನ್ನು ಸಲ್ಲಿಸಬೇಕು ಹಾಗೂ ಅನುಭವಿ ಶಿಕ್ಷಕರ ತರಗತಿಗಳನ್ನು ವೀಕ್ಷಿಸಬೇಕು. 2020ರ ಕೋವಿಡ್ ಸಂದರ್ಭದಿಂದ ಸೆಲ್ಟಾವನ್ನು ಸಂಪೂರ್ಣವಾಗಿ ಆನ್‌ಲೈನ್‌ನಲ್ಲಿಯೂ ಪೂರೈಸಲು ಅವಕಾಶ ದೊರೆತಿದೆ. ಪಾಠಾಭ್ಯಾಸವನ್ನು ವೀಡಿಯೋ ತರಗತಿಯ ಮೂಲಕ ನಡೆಸಲಾಗುತ್ತದೆ.

ಸೆಲ್ಟಾ ಸೇರಲು ಅಭ್ಯರ್ಥಿಗೆ ಕನಿಷ್ಠ 18 ವರ್ಷ ತುಂಬಿರಬೇಕು. ಪ್ರವೇಶಕ್ಕೆ ಮುನ್ನ ಲಿಖಿತ ಕಾರ್ಯ ಹಾಗೂ ಸಂದರ್ಶನ ಇರುತ್ತವೆ. ಹಣ ಪಾವತಿಸಿದ ಕ್ಷಣದಲ್ಲಿಯೇ ಯಾವುದೇ ಪರಿಶೀಲನೆಯಿಲ್ಲದೆ ಪ್ರವೇಶ ನೀಡುವ ಕೋರ್ಸ್‌ಗೂ ಇದಕ್ಕೂ ಇರುವ ಅಂತರವನ್ನು ಅಭ್ಯರ್ಥಿಗಳು ಗಮನಿಸುವುದು.

ಉಳಿದಂತೆ 120 ಗಂಟೆಗಳ ಆನ್‌ಲೈನ್ ಕೋರ್ಸ್‌ಗಳಲ್ಲಿ ಬಹುತೇಕವು ಪಠ್ಯ ಓದಿ ವಸ್ತುನಿಷ್ಠ ಪ್ರಶ್ನೆಗಳಿಗೆ ಉತ್ತರಿಸುವ ಕ್ರಮದವು. ವ್ಯಾಕರಣ, ಪಾಠ ಯೋಜನೆ ಮತ್ತು ತರಗತಿ ನಿರ್ವಹಣೆಯ ಪ್ರಾಥಮಿಕ ಪರಿಚಯಕ್ಕೆ ಇವು ಉಪಯುಕ್ತ. ಆದರೆ ಈಜುವುದನ್ನು ಪುಸ್ತಕದಿಂದ ಮಾತ್ರ ಕಲಿಯಲಾಗದಂತೆ, ಮಕ್ಕಳ ಮುಂದೆ ನಿಲ್ಲದೆ ಬೋಧನೆ ಕರಗತವಾಗದು. ವೀಕ್ಷಿತ ಪಾಠಾಭ್ಯಾಸವಿಲ್ಲದ ಕೋರ್ಸ್ ಸೇರಿದವರು ಸಮೀಪದ ಶಾಲೆಯಲ್ಲಿ ಅಥವಾ ಮನೆಪಾಠದಲ್ಲಿ ಕೆಲವು ವಾರಗಳಾದರೂ ಬೋಧಿಸಿ, ಅನುಭವ ಪತ್ರ ಪಡೆದಿಟ್ಟುಕೊಳ್ಳುವುದು ಒಳಿತು.

4. ಭಾರತದಲ್ಲಿ ಲಭ್ಯವಿರುವ ಮಾರ್ಗಗಳು

ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವು 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಆರಂಭಗೊಂಡು, ಈಗ ಕೇಂದ್ರೀಯ ವಿಶ್ವವಿದ್ಯಾಲಯವಾಗಿದೆ. ಇಂಗ್ಲಿಷ್ ಬೋಧನೆಯಲ್ಲಿ ಸ್ನಾತಕೋತ್ತರ ಪ್ರಮಾಣಪತ್ರ ಹಾಗೂ ಡಿಪ್ಲೊಮಾಗಳಿಗೆ ಈ ಸಂಸ್ಥೆ ಹೆಸರಾಗಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ ಇಂಗ್ಲಿಷ್ ಬೋಧನೆಯ ಪ್ರಮಾಣಪತ್ರ ಕಾರ್ಯಕ್ರಮವನ್ನು ದೂರಶಿಕ್ಷಣದ ಮೂಲಕ ನಡೆಸುತ್ತಾ ಬಂದಿದೆ. ಪ್ರವೇಶದ ಸ್ಥಿತಿಯನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು 1963ರಲ್ಲಿ ಸ್ಥಾಪನೆಗೊಂಡಿದ್ದು, ಸರ್ಕಾರಿ ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ 30 ದಿನಗಳ ಪ್ರಮಾಣಪತ್ರ ತರಬೇತಿಗಾಗಿ ಪರಿಚಿತವಾಗಿದೆ. ಇದು ಆನ್‌ಲೈನ್ ಕೋರ್ಸ್ ಅಲ್ಲವಾದರೂ ಸೇವಾನಿರತ ಶಿಕ್ಷಕರು ಹೊರಗೆ ಹಣ ತೆರುವ ಮುನ್ನ ಇಲಾಖೆಯ ಮೂಲಕ ನಿಯೋಜನೆಯ ಅವಕಾಶವನ್ನು ವಿಚಾರಿಸಬಹುದು.

ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯು 2017ರಲ್ಲಿ ಆರಂಭವಾಗಿದ್ದು, ಅಲ್ಲಿ ಕಲಿಕೆ ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಪಾವತಿಸಬೇಕು. ಬ್ರಿಟಿಷ್ ಕೌನ್ಸಿಲ್ ಸಂಸ್ಥೆಯೂ ಶಿಕ್ಷಕರಿಗಾಗಿ ಉಚಿತ ಆನ್‌ಲೈನ್ ಕಲಿಕಾ ಸಾಮಗ್ರಿಯನ್ನು ಒದಗಿಸುತ್ತದೆ. ಶುಲ್ಕದ ಕೋರ್ಸ್ ಸೇರುವ ಮುನ್ನ ಇಂತಹ ಒಂದು ಉಚಿತ ಕೋರ್ಸನ್ನು ಪೂರೈಸಿ ನೋಡಿದಲ್ಲಿ, ಈ ವೃತ್ತಿ ತಮಗೆ ಒಗ್ಗುವುದೇ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

5. ಮಾನ್ಯತೆಯ ಪರಿಶೀಲನೆ

ಜಗತ್ತಿನ ಎಲ್ಲ ಟೆಫಲ್ ಕೋರ್ಸ್‌ಗಳಿಗೆ ಮಾನ್ಯತೆ ನೀಡುವ ಏಕೈಕ ಅಂತರರಾಷ್ಟ್ರೀಯ ಪ್ರಾಧಿಕಾರ ಇರುವುದಿಲ್ಲ. "ಅಂತರರಾಷ್ಟ್ರೀಯ ಮಾನ್ಯತೆ ಪಡೆದ" ಎಂಬ ಜಾಹೀರಾತನ್ನು ಕಂಡಾಗ, ಮಾನ್ಯತೆ ನೀಡಿದವರು ಯಾರು ಎಂಬುದೇ ಮೊದಲ ಪ್ರಶ್ನೆಯಾಗಿರಬೇಕು. ಕೋರ್ಸ್ ಮಾರುವವರೇ ಬೇರೆ ಹೆಸರಿನಲ್ಲಿ ಮಾನ್ಯತಾ ಮಂಡಳಿಯನ್ನು ರಚಿಸಿಕೊಂಡಿದ್ದರೆ ಆ ಮುದ್ರೆಗೆ ಬೆಲೆ ಇಲ್ಲ.

ಅ) ಇಂಗ್ಲೆಂಡಿನ ಅರ್ಹತೆಗಳನ್ನು ಆಫ್‌ಕ್ವಾಲ್ ಎಂಬ ಸರ್ಕಾರಿ ನಿಯಂತ್ರಣ ಸಂಸ್ಥೆ ನೋಡಿಕೊಳ್ಳುತ್ತದೆ. ನಿಯಂತ್ರಿತ ಅರ್ಹತೆಗಳ ಪಟ್ಟಿಯನ್ನು ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಕೋರ್ಸ್ ನಡೆಸುವವರಿಂದ ಅರ್ಹತೆಯ ಪೂರ್ಣ ಹೆಸರು, ಅರ್ಹತಾ ಸಂಖ್ಯೆ ಹಾಗೂ ಪ್ರದಾನ ಸಂಸ್ಥೆಯ ಹೆಸರನ್ನು ಲಿಖಿತವಾಗಿ ಪಡೆದು ಪಟ್ಟಿಯೊಡನೆ ತಾಳೆ ನೋಡತಕ್ಕದ್ದು.

ಆ) "5ನೆಯ ಹಂತ" ಎಂಬ ಮಾತು ಕಲಿಕೆಯ ಕ್ಲಿಷ್ಟತೆಯನ್ನು ಸೂಚಿಸುತ್ತದೆಯೇ ಹೊರತು ಪಾಠಾಭ್ಯಾಸವನ್ನಲ್ಲ. ಸೆಲ್ಟಾ ಕೂಡ 5ನೆಯ ಹಂತದ್ದೇ ಆಗಿದೆ. ಆದರೆ 5ನೆಯ ಹಂತದ ಎಲ್ಲ ಕೋರ್ಸ್‌ಗಳೂ ಸೆಲ್ಟಾಕ್ಕೆ ಸಮಾನವೆಂದು ತಿಳಿಯಬಾರದು.

ಇ) ನಿರಂತರ ವೃತ್ತಿ ಅಭಿವೃದ್ಧಿಯ ಮುದ್ರೆ, ಅಂದರೆ ಸಿ.ಪಿ.ಡಿ. ಎಂಬ ಗುರುತು, ನಿಯಂತ್ರಿತ ಅರ್ಹತೆಗೆ ಸಮನಲ್ಲ. ಕಂಪನಿ ನೋಂದಣಿ ಸಂಖ್ಯೆ ಹಾಗೂ ಐ.ಎಸ್.ಒ. ಪ್ರಮಾಣಪತ್ರಗಳು ಶೈಕ್ಷಣಿಕ ಮಾನ್ಯತೆಯಲ್ಲ.

6. ವಿದೇಶದ ಹುದ್ದೆಗಳು: ಪೌರತ್ವದ ಷರತ್ತು

ಅನೇಕ ಅಭ್ಯರ್ಥಿಗಳು ಕಡೆಗಣಿಸುವ ಹಾಗೂ ಅತಿ ಹೆಚ್ಚು ನಷ್ಟಕ್ಕೆ ಕಾರಣವಾಗುವ ಅಂಶ ಇದು. ಕೋರ್ಸ್ ಎಷ್ಟೇ ಉತ್ತಮವಾಗಿದ್ದರೂ ಕೆಲವು ದೇಶಗಳು ಇಂಗ್ಲಿಷ್ ಬೋಧಕರ ವೀಸಾವನ್ನು ಪೌರತ್ವದ ಆಧಾರದ ಮೇಲೆ ಮಿತಿಗೊಳಿಸಿವೆ. ದಕ್ಷಿಣ ಕೊರಿಯಾದ ಇ-2 ವೀಸಾ ಸಾಮಾನ್ಯ ನಿಯಮದಂತೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಈ 7 ದೇಶಗಳ ಪೌರರಿಗೆ ಮೀಸಲು. 2010ರ ಜನವರಿಯಿಂದ ಜಾರಿಯಲ್ಲಿರುವ ಭಾರತ-ಕೊರಿಯಾ ಒಪ್ಪಂದದಲ್ಲಿ ಭಾರತೀಯ ಸಹಾಯಕ ಇಂಗ್ಲಿಷ್ ಶಿಕ್ಷಕರಿಗೆ ಅವಕಾಶ ಕಲ್ಪಿಸಲಾಗಿದೆಯಾದರೂ, ಅದರ ಷರತ್ತುಗಳು ಬೇರೆ. ಟೆಫಲ್ ಪ್ರಮಾಣಪತ್ರ ಮಾತ್ರದಿಂದ ಅವು ಪೂರ್ಣವಾಗುವುದಿಲ್ಲ. ಚೀನಾದಲ್ಲಿಯೂ ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪೌರರಿಗೆ ಆದ್ಯತೆ ಇದೆ. ಬಹುತೇಕ ದೇಶಗಳು ಪದವಿಯನ್ನೂ ಕೇಳುತ್ತವೆ.

ಆದುದರಿಂದ ಕ್ರಮ ಹೀಗಿರಲಿ: ಮೊದಲು ದೇಶ, ನಂತರ ಭಾರತೀಯ ಪೌರರಿಗೆ ಅನ್ವಯಿಸುವ ವೀಸಾ ನಿಯಮ, ಅನಂತರ ಕೋರ್ಸ್. ಈ ನಿಯಮವನ್ನು ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯಿಂದಲೇ ತಿಳಿಯತಕ್ಕದ್ದು. ಕೋರ್ಸ್ ಮಾರಾಟಗಾರರ ಮಾತನ್ನು ನೆಚ್ಚತಕ್ಕದ್ದಲ್ಲ.

ಕೋರ್ಸ್ ಜೊತೆಯಲ್ಲಿ ವಿದೇಶದ ಉದ್ಯೋಗವನ್ನೂ ಖಾತರಿಪಡಿಸುವವರ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಪಡೆದಿರಬೇಕು. ನೋಂದಾಯಿತ ಏಜೆಂಟರ ಪಟ್ಟಿಯು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಲಭ್ಯವಿದೆ.

7. ದಾಖಲೆಗಳ ದೃಢೀಕರಣ

ಭಾರತವು 2005ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದ ಸದಸ್ಯ ರಾಷ್ಟ್ರವಾಗಿದೆ. ಇಲ್ಲಿ ನೀಡಲಾದ ಪದವಿ ಪತ್ರಗಳಿಗೆ ರಾಜ್ಯ ಮಟ್ಟದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದಿಂದ ಅಪೊಸ್ಟಿಲ್ ದೊರೆಯುತ್ತದೆ. ಆದರೆ ಬ್ರಿಟನ್ನಿನ ಸಂಸ್ಥೆ ನೀಡಿದ ಪ್ರಮಾಣಪತ್ರಕ್ಕೆ ಬ್ರಿಟನ್ನಿನಲ್ಲಿಯೇ ಅಪೊಸ್ಟಿಲ್ ಮಾಡಿಸಬೇಕಾಗುತ್ತದೆ. ಕೇವಲ ಗಣಕಯಂತ್ರದಲ್ಲಿ ಇಳಿಸಿಕೊಳ್ಳುವ ಪ್ರತಿಯನ್ನು ನೀಡುವ ಸಂಸ್ಥೆಗಳಿದ್ದು, ಸಹಿ ಮತ್ತು ಮುದ್ರೆಯುಳ್ಳ ಮೂಲ ಪತ್ರ ದೊರೆಯುವುದೇ, ಅದರ ದೃಢೀಕರಣಕ್ಕೆ ಸಂಸ್ಥೆ ಸಹಕರಿಸುವುದೇ ಎಂಬುದನ್ನು ಮೊದಲೇ ಕೇಳುವುದು.

8. ಒಟ್ಟು ವೆಚ್ಚದ ಲೆಕ್ಕ

ಜಾಹೀರಾತಿನ ಶುಲ್ಕವೇ ಪೂರ್ಣ ವೆಚ್ಚವಲ್ಲ. ಉದಾಹರಣೆಗೆ, ಒಂದು ಕೋರ್ಸ್‌ನ ಶುಲ್ಕ ರೂ. 6,000, ಮುದ್ರಿತ ಪ್ರಮಾಣಪತ್ರ ಮತ್ತು ಕೊರಿಯರ್ ರೂ. 2,500, ಪ್ರತ್ಯೇಕ ಪಾಠಾಭ್ಯಾಸ ರೂ. 14,000 ಎಂದಿಟ್ಟುಕೊಂಡರೆ ಒಟ್ಟು ರೂ. 22,500 ಆಗುತ್ತದೆ. ಎಲ್ಲವನ್ನೂ ಒಳಗೊಂಡು ರೂ. 20,000 ಕೇಳುವ ಕೋರ್ಸ್ ಮೊದಲ ನೋಟಕ್ಕೆ ದುಬಾರಿಯಾಗಿ ಕಂಡರೂ ಲೆಕ್ಕದಲ್ಲಿ ಅಗ್ಗ. ತೆರಿಗೆ, ವಿದೇಶೀ ವಿನಿಮಯದ ಹೆಚ್ಚುವರಿ ದರ, ಮರುಪರೀಕ್ಷೆಯ ಶುಲ್ಕ ಹಾಗೂ ಅಪೊಸ್ಟಿಲ್ ವೆಚ್ಚವನ್ನೂ ಸೇರಿಸತಕ್ಕದ್ದು. "ಇಂದು ರಾತ್ರಿಯವರೆಗೆ ಮಾತ್ರ ಶೇ. 80 ರಿಯಾಯಿತಿ" ಎಂಬಂತಹ ಪ್ರಕಟಣೆ ಕಂಡಲ್ಲಿ ಒಂದು ವಾರ ಕಾದು ನೋಡುವುದು; ಅದೇ ರಿಯಾಯಿತಿ ಆಗಲೂ ಇದ್ದರೆ ಅದು ರಿಯಾಯಿತಿಯಲ್ಲ, ನಿಜವಾದ ಬೆಲೆ.

9. ಹಣ ಪಾವತಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1) ಪ್ರಮಾಣಪತ್ರದ ಮೇಲೆ ಯಾವ ಸಂಸ್ಥೆಯ ಹೆಸರು ಇರುತ್ತದೆ?
2) ನಿಜವಾದ ವಿದ್ಯಾರ್ಥಿಗಳಿಗೆ ಎಷ್ಟು ಗಂಟೆ ಪಾಠ ಮಾಡಬೇಕು? ಅದನ್ನು ವೀಕ್ಷಿಸುವವರು ಯಾರು?
3) ತರಬೇತುದಾರರ ವಿದ್ಯಾರ್ಹತೆ ಮತ್ತು ಅನುಭವ ಏನು?
4) ಬರೆದು ಕಳುಹಿಸಿದ ಪಾಠ ಯೋಜನೆಯನ್ನು ವ್ಯಕ್ತಿಯೊಬ್ಬರು ಓದಿ ತಿದ್ದುತ್ತಾರೆಯೇ?
5) ಕೋರ್ಸ್ ಪೂರೈಸಲು ಕಾಲಮಿತಿ ಎಷ್ಟು? ಅನುತ್ತೀರ್ಣರಾದಲ್ಲಿ ಮುಂದೇನು?
6) ಶುಲ್ಕ ಮರುಪಾವತಿಯ ನಿಯಮ ಲಿಖಿತವಾಗಿ ಇದೆಯೇ?

ಈ ಪ್ರಶ್ನೆಗಳನ್ನು ದೂರವಾಣಿಯಲ್ಲಿ ಕೇಳದೆ ಇ-ಮೇಲ್ ಮೂಲಕ ಕೇಳಿ, ಉತ್ತರಗಳನ್ನು ರಸೀದಿ ಮತ್ತು ಜಾಹೀರಾತಿನ ಪ್ರತಿಯೊಡನೆ ಕಾಪಾಡಿಕೊಳ್ಳತಕ್ಕದ್ದು.

10. ದೂರುಗಳು

ಭರವಸೆಯಂತೆ ಸೇವೆ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಅಂತರ್ಜಾಲದಲ್ಲಿ ಹಣ ವಂಚನೆಯಾದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು.

ಸೂಚನೆ

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಬೋಧಿಸಲಾರರು ಎಂಬ ಅಳುಕು ಬೇಡ. ಭಾಷೆಯನ್ನು ಶ್ರಮಪಟ್ಟು ಕಲಿತವರಿಗೆ, ಕಲಿಯುವ ಮಗು ಎಲ್ಲಿ ಎಡವುತ್ತದೆ ಎಂಬುದು ಸ್ವಂತ ಅನುಭವದಿಂದ ತಿಳಿದಿರುತ್ತದೆ. ಆ ತಿಳಿವಳಿಕೆಗೆ ಸರಿಯಾದ ತರಬೇತಿ ಸೇರಿದಲ್ಲಿ ಉತ್ತಮ ಶಿಕ್ಷಕರಾಗುವುದು ಸಾಧ್ಯ. ಈ ಪುಟದಲ್ಲಿ ಯಾವುದೇ ಕೋರ್ಸನ್ನು ಶಿಫಾರಸು ಮಾಡಿರುವುದಿಲ್ಲ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅಭ್ಯರ್ಥಿಗಳು ಮೂಲ ಪ್ರಕಟಣೆಗಳನ್ನು ಪರಿಶೀಲಿಸಿ ಮುಂದುವರಿಯಲು ಕೋರಲಾಗಿದೆ.