ಸಾಲೋಟಗಿಯ ಶಾಲೆ ಮತ್ತು ನಾನಾದೇಶದ ವಿದ್ಯಾರ್ಥಿಗಳು

ಅಗರಖೇಡವಿರುವ ಇಂಡಿ ತಾಲ್ಲೂಕಿನಲ್ಲೇ ಸಾಲೋಟಗಿಯೂ ಇದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಅಲ್ಲಿಯ ಸ್ತಂಭಶಾಸನವು ಮಂತ್ರಿ ನಾರಾಯಣನು ಪಾವಿಟ್ಟಗೆಯಲ್ಲಿ ಕಟ್ಟಿಸಿದ ಶಾಲೆಯನ್ನು ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ಮದುವೆಯಾದಾಗ 5 ಪುಷ್ಪ (ಅಂದಿನ ನಾಣ್ಯವಿರಬೇಕು), ಉಪನಯನಕ್ಕೆ ಅದರರ್ಧ ಸಲ್ಲಬೇಕಿತ್ತು. ಬಾಗಿಲು ಬ್ರಾಹ್ಮಣ ವಟುಗಳಿಗಷ್ಟೇ ತೆರೆದಿದ್ದೀತು. ಆದರೂ ಪರಸ್ಥಳದವರ ಓದಿನ ಭಾರವನ್ನು ಊರಿನ ಮನೆಗಳು ಹೊತ್ತದ್ದು ಗಮನಾರ್ಹ. ಇಂದು ಅಂತರಜಾಲದ ಪದವಿ ತರಗತಿಯಲ್ಲಿ ದೇಶದೇಶಗಳ ಸಾಹಿತ್ಯವೇ ವಿದ್ಯಾರ್ಥಿಯಿದ್ದಲ್ಲಿಗೆ ಬರುತ್ತದೆ. ವಸತಿ, ದೀಪಗಳ ವೆಚ್ಚ ಮಾತ್ರ ಈಗ ಓದುವವನ ಮನೆಯ ಪಾಲಿಗೇ ಬಿದ್ದಿದೆ.